ಮೆಟ್ಟಿಲು ಲೆಕ್ಕದ ಪ್ರವಾಸ: ಮೈಸೂರಿನಿಂದ ಲುಸರ್ನ್ ಸರೋವರಕ್ಕೆ

ಹೊರಡುವ ಮುಂಚೆ

ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾತು, ನೆನಪು, ಮುಂಗೋಪ ಮೂರೂ ಉಳಿದವು.

ಮಾರನೇ ವರ್ಷ ಊಟಿಗೆ ಕರೆದುಕೊಂಡು ಹೋಗಿದ್ದೆವು. ಹೋಟೆಲಿನವರು ಫೋನಿನಲ್ಲಿ, "ವೀಲ್‌ಚೇರ್ ಇದ್ರೇನು ಮೇಡಂ, ನಮ್ ಹುಡುಗ್ರಿದಾರೆ" ಅಂದರು. ಹುಡುಗರು ಇದ್ದದ್ದು ನಿಜ. ನಾಲ್ಕು ಜನ ಸೇರಿ ಕುರ್ಚಿ ಸಮೇತ ಅಪ್ಪನನ್ನು ಎತ್ತಿ ಹನ್ನೊಂದು ಮೆಟ್ಟಿಲು ಹತ್ತಿಸಿದರು. ಹೀಗೆ ಮೂರು ದಿನ, ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ. ಅಪ್ಪ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಾಪ, ಹುಡುಗರು ನಗುನಗುತ್ತಲೇ ಎತ್ತಿದರು, ಟಿಪ್ಸ್ ಕೂಡ ಕೇಳಲಿಲ್ಲ. ಆದರೆ ಮೈಸೂರಿಗೆ ಬಂದ ಮೇಲೆ ಅಪ್ಪ, "ಇನ್ಮೇಲೆ ನನ್ನನ್ನ ಎಲ್ಲಿಗೂ ಕರೀಬೇಡಿ" ಅಂದುಬಿಟ್ಟರು.

ತಮ್ಮ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಬನ್ನಿ ಬನ್ನಿ ಅಂತ ಎರಡು ವರ್ಷದಿಂದ ಕರೆಯುತ್ತಿದ್ದ. ಕೊನೆಗೊಂದು ದಿನ ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. "ಯಾರೂ ನನ್ನನ್ನ ಎತ್ತಬಾರದು. ನಾನು ಲೆಕ್ಕ ಇಡ್ತೀನಿ."

ಲೆಕ್ಕ ಇಡುವುದು ಅಪ್ಪನ ಹುಟ್ಟುಗುಣ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ರಿಜಿಸ್ಟರಿನಲ್ಲಿ ಬರೆದು ಬರೆದು ಕೈ ಪಳಗಿದೆ. ಈಗಲೂ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ. ಒಂದು ಹೊಸ ನೋಟ್‌ಬುಕ್ ತರಿಸಿಕೊಂಡು ಗೆರೆ ಹೊಡೆದರು. ದಿನಾಂಕ, ಸ್ಥಳ, ಎತ್ತಿದವರು, ಷರಾ. ಒಂದು ನಿಯಮ ಕೂಡ ಬರೆದರು. ಅವರೇ ಕಂಬಿ ಹಿಡಿದು ನಿಂತು, ತಿರುಗಿ, ಇನ್ನೊಂದು ಕಡೆ ಕುಳಿತರೆ ಅದು ಎತ್ತಿದ್ದಲ್ಲ. ಎರಡೂ ಪಾದ ಬೇರೆಯವರ ಕೈಯಿಂದಾಗಿ ನೆಲ ಬಿಟ್ಟರೆ, ಅಥವಾ ಕುರ್ಚಿಯ ನಾಲ್ಕೂ ಚಕ್ರ ಮೇಲೆದ್ದರೆ, ಅದು ಎತ್ತಿದ್ದು.

ತಯಾರಿಗೆ ಏಳು ತಿಂಗಳು ಹಿಡಿಯಿತು. ಮೊದಲ ಎರಡು ತಿಂಗಳು ಪೂರ್ತಿ ವ್ಯರ್ಥ. ಯಾಕೆಂದರೆ ನಾನು ಎಲ್ಲರಿಗೂ "ನಿಮ್ಮಲ್ಲಿ ವೀಲ್‌ಚೇರ್‌ಗೆ ಅನುಕೂಲ ಇದೆಯಾ" ಅಂತ ಕೇಳುತ್ತಿದ್ದೆ. ಎಲ್ಲರೂ ಇದೆ ಅನ್ನುತ್ತಿದ್ದರು. ಒಬ್ಬರ ಪ್ರಕಾರ ಅನುಕೂಲ ಅಂದರೆ ಲಿಫ್ಟ್. ಲಿಫ್ಟಿಗೆ ಹೋಗೋಕೆ ಮೊದಲು ಐದು ಮೆಟ್ಟಿಲು. ಇನ್ನೊಬ್ಬರದ್ದು ಅಗಲವಾದ ರೂಮು, ಆದರೆ ಬಚ್ಚಲಿನ ಬಾಗಿಲು 58 ಸೆಂಟಿಮೀಟರ್. ಅಪ್ಪನ ಕುರ್ಚಿ 62. ಆಮೇಲೆ ಬುದ್ಧಿ ಬಂತು, ಇದೆಯಾ ಅಂತ ಕೇಳುವುದು ಬಿಟ್ಟು ಎಷ್ಟು ಅಂತ ಕೇಳತೊಡಗಿದೆ. ಬಾಗಿಲು ಎಷ್ಟು ಸೆಂಟಿಮೀಟರ್? ಹಾಸಿಗೆ ನೆಲದಿಂದ ಎಷ್ಟು ಎತ್ತರ? ಸ್ನಾನದ ಜಾಗಕ್ಕೆ ಹೊಸ್ತಿಲಿದೆಯಾ, ಇದ್ದರೆ ಎಷ್ಟು? ಬಚ್ಚಲಿನ ಫೋಟೋ ಕಳಿಸ್ತೀರಾ?

ಇನ್ನೊಂದು ಪ್ರಶ್ನೆ ನಮ್ಮ ಫಿಸಿಯೋ ಹೇಳಿಕೊಟ್ಟದ್ದು. ಕಮೋಡಿನ ಯಾವ ಪಕ್ಕ ಖಾಲಿ ಇದೆ? ಅಪ್ಪನಿಗೆ ಬಲ ಇರುವುದು ಬಲಗಡೆ ಮಾತ್ರ. ಹಿಡಿಯುವ ಕಂಬಿ ಎಡಗಡೆ ಇದ್ದರೆ ಇದ್ದೂ ಇಲ್ಲದ ಹಾಗೆ. ಇದನ್ನು ಕೇಳಿದಾಗ ಅರ್ಧ ಹೋಟೆಲಿನವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಒಳ್ಳೆಯದೇ ಆಯಿತು, ಪಟ್ಟಿ ಚಿಕ್ಕದಾಯಿತು.

ಜಾಗ ಸಿಕ್ಕಿದ್ದು ತಮ್ಮನ ಆಫೀಸಿನವರೊಬ್ಬರ ಮಾತಿನಿಂದ. "ಲುಸರ್ನ್ ಊರೊಳಗೆ ಯಾಕೆ ಹುಡುಕ್ತೀರಿ, ನೊಟ್‌ವಿಲ್‌ಗೆ ಹೋಗಿ" ಅಂದರಂತೆ. ನೊಟ್‌ವಿಲ್ ಲುಸರ್ನಿನಿಂದ ಲೋಕಲ್ ರೈಲಿನಲ್ಲಿ ಸುಮಾರು 20 ನಿಮಿಷ ದೂರದ ಹಳ್ಳಿ. ಸೆಂಪಾಖ್ ಸರೋವರದ ದಡದಲ್ಲಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಅಂತ ಡಾಕ್ಟರ್ ಗೀಡೋ ಝೆಖ್ 1975ರಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದರು. ಅದರ ದೊಡ್ಡ ಆಸ್ಪತ್ರೆ 1990ರಲ್ಲಿ ಇಲ್ಲೇ ತೆರೆಯಿತು. ಅದರ ಆವರಣದಲ್ಲೇ ಹೋಟೆಲ್ ಸೆಂಪಾಖರ್‌ಸೇ ಇದೆ. ರೋಗಿಗಳೇ ಆಗಬೇಕಿಲ್ಲ, ಯಾರು ಬೇಕಾದರೂ ಉಳಿಯಬಹುದು. ನನ್ನ ಪ್ರಶ್ನೆಗಳಿಗೆಲ್ಲ ಸೆಂಟಿಮೀಟರ್ ಸಮೇತ ಉತ್ತರ ಬಂತು. ಕಮೋಡಿನ ಪ್ರಶ್ನೆಗೆ, "ಬಲಗಡೆಯೋ ಎಡಗಡೆಯೋ, ನಿಮಗೆ ಯಾವುದು ಬೇಕು?" ಅಂತ ತಿರುಗಿ ಕೇಳಿದರು. ಆ ಮೇಲ್ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚದ ವಿಮೆ ಬೇಕು. ಆದರೆ ಮೊದಲೇ ಇರುವ ಕಾಯಿಲೆ ಅದರೊಳಗೆ ಬರುತ್ತದೋ ಇಲ್ಲವೋ ಅಂತ ಬೇರೆಯಾಗಿ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಬೆರಳಚ್ಚು ಕೊಡುವಾಗ ಅಪ್ಪನ ಮಡಚಿದ ಎಡಗೈ ಬೆರಳುಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಇಡಬೇಕಾಯಿತು. ವಿಮಾನಕ್ಕೆ ಬರೀ "ವೀಲ್‌ಚೇರ್ ಬೇಕು" ಅಂದರೆ ಸಾಲದು. ಮೂರು ಸಂಕೇತಗಳಿವೆ. ಡಬ್ಲ್ಯೂಸಿಹೆಚ್‌ಆರ್ ಅಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಕೊನೆಯಲ್ಲಿ ಎಸ್ ಇದ್ದರೆ ಮೆಟ್ಟಿಲು ಆಗದು. ಸಿ ಇದ್ದರೆ ಸೀಟಿನವರೆಗೂ ಸಹಾಯ ಬೇಕು. ನಮ್ಮದು ಸಿ. ಕನಿಷ್ಠ 48 ಗಂಟೆ ಮುಂಚೆ ಹೇಳಬೇಕು. ನಾನು ಮೂರು ಸಲ ಹೇಳಿದೆ.

ಮೊದಲ ದಿನ

ಮನೆಯಿಂದಲೇ ಸೋಲು. ನಮ್ಮ ಮನೆಗೆ ಮೂರು ಮೆಟ್ಟಿಲು. ಒಂದೊಂದು 15 ಸೆಂಟಿಮೀಟರ್. ರ‍್ಯಾಂಪು ಹಾಕಿಸಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು, ಅದು ನಿಯಮ. 45 ಸೆಂಟಿಮೀಟರಿಗೆ ಹೆಚ್ಚುಕಡಿಮೆ 18 ಅಡಿ. ನಮ್ಮ ಬಾಗಿಲಿಗೂ ಗೇಟಿಗೂ ನಡುವೆ ಇರುವುದು ಆರೇ ಅಡಿ. ಹಾಗಾಗಿ ನಮ್ಮೆಜಮಾನ್ರು, ಪಕ್ಕದ ಮನೆಯ ಹುಡುಗ ಇಬ್ಬರೂ ಹಿಡಿದು ಇಳಿಸಿದರು. ಅಪ್ಪ ಕಾರಿನಲ್ಲಿ ಕುಳಿತ ತಕ್ಷಣ ನೋಟ್‌ಬುಕ್ ಕೇಳಿದರು. "ಇದನ್ನ ಬಿಟ್ಬಿಡಿ ತಾತ, ಪ್ರವಾಸ ಇನ್ನೂ ಶುರು ಆಗಿಲ್ಲ" ಅಂದಳು ನನ್ನ ಮಗಳು. "ರಿಜಿಸ್ಟರಿನಲ್ಲಿ ಹಾಗೆಲ್ಲ ಬಿಡೋಕಾಗಲ್ಲ ಪುಟ್ಟಿ."

ಬೆಂಗಳೂರಿನಲ್ಲಿ ಎಲ್ಲ ಸಲೀಸು. ಅಪ್ಪನ ಕುರ್ಚಿಯನ್ನು ವಿಮಾನದ ಬಾಗಿಲವರೆಗೂ ತರಬಹುದು, ಅಲ್ಲಿಂದ ಅದು ಕೆಳಗೆ ಲಗೇಜಿಗೆ ಹೋಗುತ್ತದೆ. ಪಾದ ಇಡುವ ಹಲಗೆ, ಕೂರುವ ದಿಂಬು ಎರಡನ್ನೂ ಕಳಚಿ ನಮ್ಮ ಕೈಚೀಲದಲ್ಲಿಟ್ಟುಕೊಂಡೆವು. ಬಿಟ್ಟರೆ ಕಳೆದುಹೋಗುವುದು ಅವೇ. ಒಳಗೆ ಸೀಟುಗಳ ನಡುವೆ ಹೋಗಲು ಕಿರಿದಾದ ಬೇರೊಂದು ಕುರ್ಚಿ ಕೊಡುತ್ತಾರೆ. ಅಪ್ಪ ಎದ್ದು ನಿಂತು, ತಿರುಗಿ, ಸೀಟಿನಲ್ಲಿ ಕುಳಿತರು.

ಯಡವಟ್ಟಾಗಿದ್ದು ವಿಮಾನ ಬದಲಿಸುವ ಊರಿನಲ್ಲಿ. ವಿಮಾನವನ್ನು ದೂರದ ಬಯಲಿನಲ್ಲಿ ನಿಲ್ಲಿಸಿದರು. ವೀಲ್‌ಚೇರ್ ಇಳಿಸುವ ಲಿಫ್ಟಿನ ಗಾಡಿ ಬರಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಮುಕ್ಕಾಲು ಗಂಟೆ ನಾವು ಐದೂ ಜನ, ಅಂದರೆ ನಾವು ನಾಲ್ಕು ಮತ್ತು ಆಕಳಿಸುತ್ತಿದ್ದ ಒಬ್ಬ ಗಗನಸಖಿ, ಖಾಲಿ ವಿಮಾನದಲ್ಲಿ ಕಾದೆವು. ಕೊನೆಗೆ ಇಬ್ಬರು ಬಂದು ಅಪ್ಪನನ್ನು ಬೆಲ್ಟು ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಏಣಿಮೆಟ್ಟಿಲು ಇಳಿಸಿದರು. ಅಪ್ಪ ಕಣ್ಣು ಮುಚ್ಚಿಕೊಂಡರು. ನನಗೆ ಊಟಿ ನೆನಪಾಯಿತು. ಷರಾ ಕಾಲಮ್ಮಿನಲ್ಲಿ ಅಪ್ಪ ಏನು ಬರೆದರೋ, ನಾನು ನೋಡಲಿಲ್ಲ.

ಎರಡನೇ ದಿನ

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ. ತಮ್ಮ ಬಂದಿದ್ದ. ಅಮ್ಮ ಅವನ ಕೆನ್ನೆ ಮುಟ್ಟಿ "ಇಳಿದುಹೋಗಿದೀಯ" ಅಂದರು. ನನಗಂತೂ ಅವನು ದಪ್ಪಗಾದ ಹಾಗೆ ಕಂಡ.

ರೈಲಿನವರ ಸಹಾಯವಾಣಿಗೆ ಅವನು ಮೊದಲೇ ಫೋನ್ ಮಾಡಿ ನಮ್ಮ ರೈಲು, ಸಮಯ ಹೇಳಿದ್ದ. ಪ್ಲಾಟ್‌ಫಾರಂನಲ್ಲಿ ಒಬ್ಬರು ಸಣ್ಣ ಪಂಜರದಂಥ ಗಾಡಿ ತಳ್ಳಿಕೊಂಡು ಬಂದರು. ಅದಕ್ಕೆ ಮೊಬಿಲಿಫ್ಟ್ ಅನ್ನುತ್ತಾರೆ. ಕುರ್ಚಿ ಅದರೊಳಗೆ ಉರುಳುತ್ತದೆ, ಅದು ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಕುರ್ಚಿ ರೈಲಿನೊಳಗೆ ಉರುಳುತ್ತದೆ. ನಾಲ್ಕೂ ಚಕ್ರ ಕಬ್ಬಿಣದ ಮೇಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅಪ್ಪ ಸ್ವಲ್ಪ ಯೋಚಿಸಿ, "ಇದು ಲೆಕ್ಕಕ್ಕೆ ಬರಲ್ಲ, ಯಂತ್ರ" ಅಂದರು.

ನೇರ ರೈಲಿನಲ್ಲಿ ಲುಸರ್ನಿಗೆ ಒಂದು ಗಂಟೆ ಚಿಲ್ಲರೆ. ಲುಸರ್ನ್ ಹಳಿಗಳೆಲ್ಲ ಕೊನೆಯಾಗುವ ನಿಲ್ದಾಣ. ಹಾಗಾಗಿ ಮೇಲ್ಸೇತುವೆ, ಸುರಂಗ ಏನೂ ದಾಟಬೇಕಿಲ್ಲ, ಪ್ಲಾಟ್‌ಫಾರಂನಿಂದ ಸಮತಟ್ಟಾಗಿ ಹೊರಗೆ ಬಂದರೆ ಎದುರಿಗೇ ನೀರು, ಹಡಗು. ಆವತ್ತು ನಾವು ನೋಡಿದ್ದಷ್ಟೇ. ಲೋಕಲ್ ರೈಲು ಬದಲಿಸಿ ನೊಟ್‌ವಿಲ್ ಸೇರಿ, ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ತಿಂದು ಮಲಗಿದೆವು. ಒಗ್ಗರಣೆ ಹಾಕುವ ಆಸೆ ಅಮ್ಮನಿಗಿತ್ತು. ಬೆಂಕಿಯ ಅಲಾರಂ ತೋರಿಸಿ ತಡೆದೆ.

ಮೂರನೇ ದಿನ

ಬೆಳಿಗ್ಗೆ ಆರೂವರೆಗೆ ಅಮ್ಮ ಬಾಗಿಲು ಬಡಿದರು. "ನಿಮ್ಮಪ್ಪ ಇಲ್ಲ ಕಣೇ."

ನಾಲ್ಕು ವರ್ಷದಲ್ಲಿ ಅಪ್ಪ ಒಬ್ಬರೇ ಮನೆಯಿಂದ ಹೊರಗೆ ಹೋಗಿದ್ದೇ ಇಲ್ಲ. ಹೋಗುವುದಾದರೂ ಹೇಗೆ, ಮೂರು ಮೆಟ್ಟಿಲಿದೆಯಲ್ಲ. ನಾನು ಚಪ್ಪಲಿ ಹಾಕಿಕೊಳ್ಳದೆ ಲಿಫ್ಟಿಗೆ ಓಡಿದೆ. ರಿಸೆಪ್ಷನ್‌ನಲ್ಲಿದ್ದ ಹೆಂಗಸು, ಆಕೆಯೂ ವೀಲ್‌ಚೇರಿನಲ್ಲೇ ಇದ್ದರು, ನೀರಿನ ಕಡೆ ಕೈ ತೋರಿಸಿ ನಕ್ಕರು.

ಅಪ್ಪ ಸರೋವರದ ಅಂಚಿನಲ್ಲಿದ್ದರು. ಒಂದು ಕೈ, ಒಂದು ಕಾಲಿನಲ್ಲಿ ಕುರ್ಚಿ ನಡೆಸುವುದನ್ನು ಫಿಸಿಯೋ ಕಲಿಸಿದ್ದರು. ಬಲಗೈ ಚಕ್ರ ನೂಕುತ್ತದೆ, ಬಲಗಾಲು ನೆಲ ಒತ್ತಿ ದಿಕ್ಕು ಹಿಡಿಯುತ್ತದೆ. ಅದಕ್ಕೇ ಬಲಗಡೆ ಪಾದದ ಹಲಗೆ ಹಾಕುವುದಿಲ್ಲ, ಸೀಟೂ ತಗ್ಗಾಗಿರಬೇಕು. ಮೈಸೂರಿನಲ್ಲಿ ಈ ವಿದ್ಯೆ ಹಾಲಿನಿಂದ ಅಡುಗೆಮನೆವರೆಗೆ ಮಾತ್ರ. ಇಲ್ಲಿ ರೂಮಿನಿಂದ ದಡದವರೆಗೆ ಒಂದು ಹೊಸ್ತಿಲೂ ಸಿಕ್ಕಿರಲಿಲ್ಲ. ಬೆನ್ನು ಬೆವೆತಿತ್ತು. "ಎಷ್ಟೊತ್ತಾಯ್ತು ಬಂದು?" ಅಂದೆ. "ಐದೂಮುಕ್ಕಾಲಿಗೆ ಹೊರಟೆ. ಆರು ಹತ್ತಕ್ಕೆ ಬಂದೆ," ಅಂದರು. ಬೈಯೋಣ ಅಂದುಕೊಂಡಿದ್ದೆ, ಬಾಯಿ ಬರಲಿಲ್ಲ. ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತೆ.

ಆ ದಿನ ಎಲ್ಲಿಗೂ ಹೋಗಲಿಲ್ಲ. ಹೋಗುವ ಅಗತ್ಯವೂ ಕಾಣಲಿಲ್ಲ. ಕೆಫೆಯಲ್ಲಿ ಕೌಂಟರುಗಳು ತಗ್ಗಾಗಿವೆ, ಕಾಫಿ ತರಲು ಹೋದ ಅಮ್ಮನೇ ಬಗ್ಗಬೇಕಾಯಿತು. ಕುರ್ಚಿಯಲ್ಲಿದ್ದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಎಲ್ಲ ಕಡೆ ಅವರೇ. ಅಪ್ಪನ ಕುರ್ಚಿ ನೋಡಿ ಒಬ್ಬ ಹುಡುಗ ನಿಂತ, ತನ್ನ ಕುರ್ಚಿಯಿಂದಲೇ ಬಗ್ಗಿ ನಮ್ಮ ಮುಂದಿನ ಸಣ್ಣ ಚಕ್ರಕ್ಕೆ ಸುತ್ತಿಕೊಂಡಿದ್ದ ಕೂದಲು ಕಿತ್ತು ತೆಗೆದ. ಅಮ್ಮನ ಕೂದಲು! ನಾಲ್ಕು ವರ್ಷದಿಂದ ಕುರ್ಚಿ ಎಡಕ್ಕೆ ಎಳೆಯುತ್ತದೆ ಅಂತ ನಾವು ಅಂಗಡಿಯವರನ್ನು ಬೈಯುತ್ತಿದ್ದೆವು.

ಸಂಜೆ ಟ್ರ್ಯಾಕಿನಲ್ಲಿ ಮೂರು ಚಕ್ರದ ರೇಸ್ ಕುರ್ಚಿಗಳು ಓಡುತ್ತಿದ್ದವು. ಪ್ಯಾರಾಲಿಂಪಿಕ್ಸ್‌ನಲ್ಲಿ ಮತ್ತೆ ಮತ್ತೆ ಚಿನ್ನ ಗೆದ್ದ ಮಾರ್ಸೆಲ್ ಹೂಗ್ ಅಭ್ಯಾಸ ಮಾಡುವ ಟ್ರ್ಯಾಕು ಇದು. ಬೆಳ್ಳಿ ಬಣ್ಣದ ಹೆಲ್ಮೆಟ್ಟಿನಿಂದಾಗಿ ಅವರಿಗೆ ಸಿಲ್ವರ್ ಬುಲೆಟ್ ಅಂತ ಹೆಸರು. ಆವತ್ತು ಬೆಳ್ಳಿ ಹೆಲ್ಮೆಟ್ ಯಾವುದೂ ಕಾಣಲಿಲ್ಲ, ಮಗಳಿಗೆ ನಿರಾಸೆ.

ಸೆಂಪಾಖ್ ಸರೋವರದ ಕತೆಯನ್ನು ಅಪ್ಪ ತಮ್ಮನಿಂದ ಓದಿಸಿ ಕೇಳಿದರು. 1984ರಲ್ಲಿ ಪಾಚಿ ಹೆಚ್ಚಾಗಿ ಇಲ್ಲಿ ಮೀನುಗಳು ರಾಶಿ ರಾಶಿ ಸತ್ತಿದ್ದವು. ಹೊಲ, ಹಟ್ಟಿಗಳಿಂದ ಹರಿದು ಬಂದ ಗೊಬ್ಬರವೇ ಪಾಚಿಗೆ ಊಟ. ಆಮೇಲೆ ಸರೋವರದ ತಳಕ್ಕೆ ಗಾಳಿ ಕೊಡುವ ಏರ್ಪಾಡು ಮಾಡಿದರು. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ಬೆಳ್ಳಂದೂರಿನ ನೊರೆ ನೋಡಿದ್ರೆ ಇವರು ಏನಂತಿದ್ರೋ" ಅಂದರು.

ನಾಲ್ಕನೇ ದಿನ

ಲುಸರ್ನ್ ಊರು. ಕಪೆಲ್‌ಬ್ರ್ಯೂಕೆ ಅನ್ನುವ ಮರದ ಸೇತುವೆ ಇಲ್ಲಿ ಪ್ರಸಿದ್ಧ. ಹದಿನಾಲ್ಕನೇ ಶತಮಾನದ್ದು. 1993ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟಿತು, ಮಾರನೇ ವರ್ಷವೇ ಮತ್ತೆ ಕಟ್ಟಿ ನಿಲ್ಲಿಸಿದರು. ಹತ್ತಲು ಮೆಟ್ಟಿಲಿದೆ, ನಮಗೆ ದಾಟಲಾಗುವುದಿಲ್ಲ ಅಂತ ಗೊತ್ತಿತ್ತು. ಪಕ್ಕದ ದೊಡ್ಡ ರಸ್ತೆ ಸೇತುವೆಯ ಮೇಲೆ ನಿಂತು ನೋಡಿದೆವು. ಸೇತುವೆ ಮೇಲೆ ನಿಂತವರಿಗೆ ಸೇತುವೆ ಕಾಣಿಸುವುದಿಲ್ಲ ಬಿಡಿ.

ಹಳೆ ಊರಿನ ಬೀದಿಗೆ ಕಲ್ಲು ಹಾಸು. ಮುಂದಿನ ಸಣ್ಣ ಚಕ್ರ ಸಂದಿಗೆ ಸಿಕ್ಕಿಕೊಂಡರೆ ಕುಳಿತವರು ಮುಗ್ಗರಿಸುತ್ತಾರೆ. ಕುರ್ಚಿಯನ್ನು ಹಿಂದೆ ಬಾಗಿಸಿ ದೊಡ್ಡ ಚಕ್ರದ ಮೇಲೆ ತಳ್ಳಬೇಕು, ಅಥವಾ ತಿರುಗಿಸಿ ಹಿಂದುಹಿಂದಕ್ಕೆ ಎಳೆಯಬೇಕು. ಮಗಳು ಎಳೆದಳು. "ಲುಸರ್ನ್ ಪೂರ್ತಿ ಉಲ್ಟಾ ನೋಡ್ದೆ" ಅಂದರು ಅಪ್ಪ.

ಆದರೆ ಅಪ್ಪ ಬಂದದ್ದು ಸೇತುವೆಗೂ ಅಲ್ಲ, ಹಿಮದ ಬೆಟ್ಟಕ್ಕೂ ಅಲ್ಲ. ಊರಿಂದ ಹೊರಡುವಾಗಲೇ ಅವರೊಂದು ಜಾಗ ಗುರುತು ಹಾಕಿಕೊಂಡಿದ್ದರು. ಲುಸರ್ನ್ ಸರೋವರದ ನೀರೆಲ್ಲ ಇದೇ ಊರಿನಲ್ಲಿ ರಾಯ್ಸ್ ನದಿಯಾಗಿ ಹೊರಬೀಳುತ್ತದೆ. ಅಲ್ಲಿ ಸೂಜಿ ಅಣೆಕಟ್ಟು ಅಂತ ಒಂದಿದೆ. 1860ರ ಹೊತ್ತಿಗೆ ಕಟ್ಟಿದ್ದು. ಕಬ್ಬಿಣದ ಗೇಟಿಲ್ಲ, ಮೋಟಾರಿಲ್ಲ. ಮರದ ಉದ್ದನೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ನೀರು ತಡೆಯುತ್ತಾರೆ. ಆ ಪಟ್ಟಿಗೇ ಸೂಜಿ ಅಂತ ಹೆಸರು. ಬೇಸಿಗೆಯಲ್ಲಿ ಹಿಮ ಕರಗಿ ನೀರು ಹೆಚ್ಚಿದರೆ ಕೈಯಿಂದಲೇ ಸೂಜಿ ಕೀಳುತ್ತಾರೆ, ಚಳಿಗಾಲದಲ್ಲಿ ಮತ್ತೆ ಜೋಡಿಸುತ್ತಾರೆ. 114 ಚದರ ಕಿಲೋಮೀಟರ್ ಸರೋವರ, 214 ಮೀಟರ್ ಆಳ. ಅದರ ಮಟ್ಟ ಕಾಯುವುದು ಈ ಮರದ ತುಂಡುಗಳು! 2005ರ ಆಗಸ್ಟಿನ ದೊಡ್ಡ ನೆರೆಯಾದ ಮೇಲೆ ಪಕ್ಕದಲ್ಲಿ ಹೊಸ ಗೇಟುಗಳನ್ನೂ ಸೇರಿಸಿದ್ದಾರೆ. ಹಳೆಯದನ್ನು ಕಿತ್ತು ಹಾಕಲಿಲ್ಲ.

ನಾವು ಹೋದದ್ದು ಜೂನ್. ಸೂಜಿ ಕಿತ್ತ ಸಂದಿನಿಂದ ನೀರು ಭೋರ್ಗರೆಯುತ್ತಿತ್ತು. ಅದೇ ಜೂನಿನಲ್ಲಿ ಕನ್ನಂಬಾಡಿ ತಳ ಕಂಡು ಮಳೆ ಕಾಯುತ್ತಿರುತ್ತದೆ. ಅಪ್ಪ ಕಂಬಿ ಹಿಡಿದು ಎದ್ದು ನಿಂತರು. ಅರ್ಧ ನಿಮಿಷ ನಿಲ್ಲುವುದೇ ಕಷ್ಟ ಅನ್ನುವವರು, ಎರಡು ನಿಮಿಷ ನಿಂತರು. ನಾನು ಹಿಂದೆ ಕುರ್ಚಿ ಹಿಡಿದೇ ಇದ್ದೆ.

"ಇಲ್ಲೂ ಒಬ್ಬ ನೀರುಗಂಟಿ ಇದ್ದಾನೆ ಕಣಮ್ಮ," ಅಂದರು ಕುಳಿತ ಮೇಲೆ.

ಬರುವಾಗ ರೈಲಿನಲ್ಲಿ ಅಪ್ಪ-ಅಮ್ಮನಿಗೆ ವಾದ ಆಗಿತ್ತು. ಅಮ್ಮ ಎಲ್ಲವನ್ನೂ ಕೆರೆ ಅನ್ನುತ್ತಿದ್ದರು. ಕಟ್ಟಿದ್ದು ಕೆರೆ, ತಾನಾಗಿ ಆದದ್ದು ಸರೋವರ ಅಂತ ಅಪ್ಪ. ಈಗ ಅವರೇ, "ತೂಬು ಇದ್ದಮೇಲೆ ಇದೂ ಕೆರೆಯೇ" ಅಂತ ಒಪ್ಪಿಕೊಂಡರು. ಮದುವೆಯಾಗಿ 48 ವರ್ಷದಲ್ಲಿ ಇದು ಎರಡನೇ ಸಲವಂತೆ. ಮೊದಲನೆಯದು ಏನು ಅಂತ ಅಮ್ಮ ಹೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಒಂದು ಹೋಟೆಲಿಗೆ ಮೊದಲೇ ಫೋನ್ ಮಾಡಿದ್ದೆವು. ಮೆಟ್ಟಿಲಿಲ್ಲ ಅಂದಿದ್ದರು. ಹೋಗಿ ನೋಡಿದರೆ ಒಂದು ಮೆಟ್ಟಿಲಿದೆ. "ಓ, ಒಂದೇ ಅಲ್ವಾ" ಅಂದರು ಆ ಮನುಷ್ಯ, ನಿಜಕ್ಕೂ ಆಶ್ಚರ್ಯದಿಂದ. ನಡೆಯುವವರಿಗೆ ಒಂದು ಮೆಟ್ಟಿಲು ಕಣ್ಣಿಗೆ ಬೀಳುವುದೇ ಇಲ್ಲ. ಹೊರಗಿನ ಮೇಜಿನಲ್ಲೇ ತಿಂದೆವು. ಬಿಲ್ಲು ನೋಡಿದ ಮೇಲೆ, ಒಳಗೆ ಹೋಗದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಒಳಗೆ ಇನ್ನೇನೇನು ತರಿಸುತ್ತಿದ್ದೆವೋ.

ಐದನೇ ದಿನ

ಹಬೆ ಹಡಗು. ಈ ಸರೋವರದಲ್ಲಿ ದೊಡ್ಡ ಚಕ್ರ ತಿರುಗಿಸುತ್ತಾ ಹೋಗುವ ಐದು ಹಳೆ ಹಡಗುಗಳು ಇನ್ನೂ ಓಡುತ್ತವೆ. ನಮಗೆ ಸಿಕ್ಕಿದ್ದು ಅವುಗಳಲ್ಲೇ ಹಳೆಯದು, 1901ರದ್ದು. ಹೆಸರು ಉರಿ. ಅದು ಇಲ್ಲಿನ ಒಂದು ಜಿಲ್ಲೆಯಂಥ ರಾಜ್ಯದ ಹೆಸರು. "ಬಾಯ್ಲರ್ ಇರೋ ಹಡಗಿಗೆ ಉರಿ ಅಂತಲೇ ಇಟ್ಟಿದ್ದಾರಲ್ಲ" ಅಂತ ಅಪ್ಪ ಇಡೀ ದಿನ ಅದನ್ನೇ ಹೇಳಿದರು.

ದಡದಿಂದ ಹಡಗಿಗೆ ಹಲಗೆ ಹಾಕುತ್ತಾರೆ. ಅದರ ಇಳಿಜಾರು ನೀರಿನ ಮಟ್ಟದ ಮೇಲೆ ಹೋಗುತ್ತದೆ. ಅಂದರೆ ಹಿಂದಿನ ದಿನ ನೋಡಿದ ಸೂಜಿಗಳ ಮೇಲೆ. ಇದನ್ನು ಕಂಡುಹಿಡಿದ ಅಪ್ಪನ ಮುಖ ನೋಡಬೇಕಿತ್ತು. ಹಡಗಿನ ಹುಡುಗ ತಳ್ಳಲು ಬಂದ. ಅಪ್ಪ ಕೈ ಅಡ್ಡ ತೋರಿಸಿ ನಿಧಾನ ಒಬ್ಬರೇ ಉರುಳಿದರು. ಹಿಂದೆ ಕ್ಯೂ ನಿಂತಿತು, ಯಾರೂ ಗೊಣಗಲಿಲ್ಲ.

ಮೇಲಂತಸ್ತು ಮೊದಲ ದರ್ಜೆ, ಅದಕ್ಕೆ ಮೆಟ್ಟಿಲು. ನಮ್ಮದು ಕೆಳಗಿನದೇ. ನಷ್ಟವೇನಿಲ್ಲ, ಎಂಜಿನ್ ಇರುವುದು ಅಲ್ಲೇ. ನೆಲದ ನಡುವೆ ತೆರೆದ ಜಾಗ, ಸುತ್ತ ಕಂಬಿ. ಕೆಳಗೆ ಫಳಫಳ ಹೊಳೆಯುವ ಉಕ್ಕಿನ ತೋಳುಗಳು ಬಂದು ಹೋಗುತ್ತವೆ. ಬಿಸಿ ಎಣ್ಣೆಯ ವಾಸನೆ. ಎಲ್ಲರೂ ಹೊರಗೆ ಬೆಟ್ಟ ನೋಡುತ್ತಿದ್ದರೆ ಅಪ್ಪ ಎರಡು ಗಂಟೆ ಅಲ್ಲಿಂದ ಕದಲಲಿಲ್ಲ. ಎಂಜಿನ್ ನೋಡಿಕೊಳ್ಳುವವನು ಕೆಳಗಿಂದ ತಲೆಯೆತ್ತಿ ನಗುತ್ತಿದ್ದ. ಭಾಷೆ ಬರದ ಇಬ್ಬರೂ ಬೆರಳು ತೋರಿಸಿ ತೋರಿಸಿಯೇ ಮಾತಾಡಿದರು.

ಬ್ರುನೆನ್ ಅನ್ನುವ ಊರಿನಲ್ಲಿ ಇಳಿದೆವು. ದಡದ ಉದ್ದಕ್ಕೂ ಸಮತಟ್ಟು ದಾರಿ. ಎದುರು ದಡದಲ್ಲಿ ರ‍್ಯುಟ್ಲಿ ಹುಲ್ಲುಗಾವಲು. 1291ರಲ್ಲಿ ಅಲ್ಲಿ ಪ್ರಮಾಣ ಮಾಡಿ ಸ್ವಿಸ್ ಒಕ್ಕೂಟ ಹುಟ್ಟಿತು ಅಂತ ಇವರ ಐತಿಹ್ಯ. ಅದಕ್ಕಿಂತ ಮುಖ್ಯ ಸಂಗತಿ, ಬೀಗ ಹಾಕಿದ ಅಂಗವಿಕಲರ ಶೌಚಾಲಯ. ಇದಕ್ಕೆ ಯೂರೋಕೀ ಅಂತ ಒಂದು ಬೀಗದ ಕೈ ಇದೆ. ಯೂರೋಪಿನ ಎಷ್ಟೋ ದೇಶಗಳಲ್ಲಿ ಇಂಥ ಬಾಗಿಲುಗಳಿಗೆಲ್ಲ ಒಂದೇ ಕೈ. ವೈದ್ಯರ ಚೀಟಿ ತೋರಿಸಿ ತಮ್ಮ ಮೊದಲೇ ತರಿಸಿದ್ದ. ಬೀಗ ಇರುವುದರಿಂದ ಒಳಗೆ ಚೊಕ್ಕಟ. ನೀರಿನ ಪೈಪು ಮಾತ್ರ ಇಲ್ಲಿ ಎಲ್ಲೂ ಕಾಣುವುದಿಲ್ಲ. ಅಮ್ಮನ ಚೀಲದಲ್ಲಿ ಚೊಂಬು ಇದ್ದೇ ಇತ್ತು.

ಆರನೇ ದಿನ

ಪಿಲಾಟುಸ್ ಬೆಟ್ಟಕ್ಕೋ ರಿಗಿ ಬೆಟ್ಟಕ್ಕೋ ಅಂತ ತಿಂಗಳುಗಟ್ಟಲೆ ಚರ್ಚೆ ಆಗಿತ್ತು. ಪಿಲಾಟುಸ್ ರೈಲು 100 ಮೀಟರಿಗೆ 48 ಮೀಟರ್ ಏರುವಷ್ಟು ಕಡಿದು. ಅದಕ್ಕೆ ಬೋಗಿಯೇ ಒಳಗೆ ಮೆಟ್ಟಿಲು ಮೆಟ್ಟಿಲು. ರಿಗಿ ಗೆದ್ದಿತು. ಹಡಗಿನಲ್ಲಿ ವಿಟ್ಸ್‌ನಾವ್‌ಗೆ ಹೋದರೆ ದಕ್ಕೆಯ ಪಕ್ಕದಲ್ಲೇ ರೈಲು. ಹೊಸ ಬೋಗಿಗಳಿಗೆ ತಗ್ಗಿನ ಬಾಗಿಲಿದೆ.

ಇದು ಯೂರೋಪಿನ ಮೊದಲ ಹಲ್ಲು ಹಳಿಯ ಬೆಟ್ಟದ ರೈಲು. ನಿಕೊಲಾಸ್ ರಿಗ್ಗೆನ್‌ಬಾಖ್ ಅನ್ನುವ ಇಂಜಿನಿಯರ್ ಕಟ್ಟಿದ್ದು, 1871ರ ಮೇ 21ರಂದು ಶುರುವಾಯಿತು. ಎರಡು ಹಳಿಯ ನಡುವೆ ಏಣಿ ಮಲಗಿಸಿದ ಹಾಗಿದೆ, ಅದಕ್ಕೆ ಎಂಜಿನ್ನಿನ ಹಲ್ಲು ಕಚ್ಚಿಕೊಂಡು ಏರುತ್ತದೆ. ರಿಗ್ಗೆನ್‌ಬಾಖ್ ಕೈಕೆಳಗೆ ಕೆಲಸ ಮಾಡಿದ ರೋಮನ್ ಆಬ್ಟ್ ಮುಂದೆ ಬೇರೊಂದು ಬಗೆಯ ಹಲ್ಲು ಹಳಿ ಮಾಡಿದರು. ನಮ್ಮ ಊಟಿ ರೈಲು ಹತ್ತುವುದು ಆ ಆಬ್ಟ್ ಹಳಿಯ ಮೇಲೆ.

"ಊಟಿ ರೈಲಿನ ಏರು ಎಷ್ಟು ಗೊತ್ತಾ ಪುಟ್ಟಿ? ಹನ್ನೆರಡಕ್ಕೆ ಒಂದು. ನಮ್ಮ ರ‍್ಯಾಂಪಿಗೆ ಹೇಳೋದೂ ಅಷ್ಟೇ. ಇದು ನಾಲ್ಕಕ್ಕೆ ಒಂದು" ಅಂದರು ಅಪ್ಪ. ಊಟಿ ಅನ್ನುವ ಪದ ಅವರ ಬಾಯಲ್ಲಿ ಮೂರು ವರ್ಷದ ಮೇಲೆ ಬಂತು.

ಮೇಲೆ ಏನೂ ಕಾಣಲಿಲ್ಲ. ಪೂರ್ತಿ ಮೋಡ. ಹಸುಗಳ ಕೊರಳ ಗಂಟೆ ಕೇಳುತ್ತಿತ್ತು, ಹಸು ಕಾಣುತ್ತಿರಲಿಲ್ಲ. ತುದಿಗೆ ಹೋಗುವ ದಾರಿ ಕಡಿದು, ನಾವು ಸ್ಟೇಷನ್ ಬಿಟ್ಟು ಹೋಗಲಿಲ್ಲ. ಬೋರ್ಡಿನಲ್ಲಿ 1,752 ಮೀಟರ್ ಅಂತಿತ್ತು. "ರೀ, ಊಟಿ ಇದಕ್ಕಿಂತ ಎತ್ತರ ಅಲ್ವಾ?" ಅಂತ ಅಮ್ಮ. ಹೌದು, 2,200ರ ಮೇಲೆ. "ಇಷ್ಟು ದುಡ್ಡು ಕೊಟ್ಟು, ಊಟಿಗಿಂತ ತಗ್ಗಿಗೆ ಬಂದು, ಊಟಿ ಮಂಜೇ ನೋಡಿದ ಹಾಗಾಯ್ತು" ಅಂತ ಅಮ್ಮ ಸ್ವೆಟರ್ ಬಿಗಿ ಮಾಡಿಕೊಂಡರು.

ಏಳನೇ ದಿನ

ಮಳೆ. ಸರೋವರದ ದಡದಲ್ಲೇ ಇರುವ ಸಾರಿಗೆ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಳೆ ರೈಲು, ವಿಮಾನ, ಕಾರು, ಎಲ್ಲ ಇದೆ. ದೊಡ್ಡದು, ಲಿಫ್ಟುಗಳಿವೆ. ಮಗಳಿಗೆ ಇಡೀ ಪ್ರವಾಸದಲ್ಲಿ ಇದೇ ಇಷ್ಟವಾಯಿತಂತೆ.

ಸಂಜೆ ತಮ್ಮನ ಸ್ನೇಹಿತರ ಮನೆಗೆ ಹೊರಟು ಒಂದು ಚಿಕ್ಕ ಸ್ಟೇಷನ್‌ನಲ್ಲಿ ಇಳಿದರೆ ಲಿಫ್ಟ್ ಕೆಟ್ಟಿದೆ. ಹೊರಗೆ ಹೋಗಲು ಸುರಂಗದ ಮೆಟ್ಟಿಲು ಮಾತ್ರ. ಇಲ್ಲೂ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಅಂಗವಿಕಲರ ಸಮಾನತೆಯ ಕಾನೂನು 2004ರಿಂದ ಇದೆ, 20 ವರ್ಷದಲ್ಲಿ ರೈಲು, ಬಸ್ಸು, ನಿಲ್ದಾಣ ಎಲ್ಲ ಸರಿ ಮಾಡಬೇಕು ಅಂತ ಗಡುವಿತ್ತು. 2023ರ ಕೊನೆಗೆ ಗಡುವು ಮುಗಿಯಿತು, ಎಷ್ಟೋ ನಿಲ್ದಾಣಗಳು ಹಾಗೇ ಉಳಿದವು.

ಇಬ್ಬರು ಹುಡುಗರು ಓಡಿಬಂದು ಎತ್ತುತ್ತೇವೆ ಅಂದರು. ಎಂಥ ಒಳ್ಳೆ ಹುಡುಗರು. ತಮ್ಮನೂ, "ಅಪ್ಪ, ಇದೊಂದು ಸಲ" ಅಂದ. ಅಪ್ಪ ಮಾತಾಡಲಿಲ್ಲ, ಕುರ್ಚಿಯ ಬ್ರೇಕ್ ಹಾಕಿಕೊಂಡರು. ಸಹಾಯವಾಣಿಗೆ ಫೋನ್ ಮಾಡಿದರೆ ಅವರು ಉಪಾಯ ಹೇಳಿದರು. ಮುಂದಿನ ಸ್ಟೇಷನ್ನಿಗೆ ಹೋಗಿ, ಅಲ್ಲಿನ ಲಿಫ್ಟಿನಲ್ಲಿ ಪ್ಲಾಟ್‌ಫಾರಂ ಬದಲಿಸಿ, ವಾಪಸ್ ರೈಲು ಹಿಡಿದರೆ ಈ ಸ್ಟೇಷನ್ನಿನ ರಸ್ತೆ ಬದಿಯ ಪ್ಲಾಟ್‌ಫಾರಂಗೆ ಬಂದು ಇಳಿಯಬಹುದು. 20 ಮೆಟ್ಟಿಲಿನ ಬದಲು 50 ನಿಮಿಷ. ಬಿಸಿಬೇಳೆಬಾತ್ ಆರಿಹೋಗಿತ್ತು. ತಮ್ಮ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ. ನನಗೂ ಕಾಲು ನೋಯುತ್ತಿತ್ತು, ಮಳೆ ಬೇರೆ. ಆದರೆ ಷರತ್ತು ಷರತ್ತೇ, ಏಳು ತಿಂಗಳ ಹಿಂದೆ ನಾವೇ ಒಪ್ಪಿದ್ದು.

ಎಂಟನೇ ದಿನ

ಭಾನುವಾರ. ಅಂಗಡಿ ಮುಂಗಟ್ಟು ಎಲ್ಲ ಬಂದ್. ಚಾಕೊಲೇಟ್ ಕೊಳ್ಳುವುದನ್ನು ಕೊನೆ ದಿನಕ್ಕೆ ಇಟ್ಟುಕೊಂಡಿದ್ದ ಅಮ್ಮನಿಗೆ ಇದನ್ನು ಮೊದಲೇ ಹೇಳದೆ ತಪ್ಪು ಮಾಡಿದೆ. ಕೊನೆಗೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿತು.

ಬೆಳಿಗ್ಗೆ ಅಪ್ಪ ದಡಕ್ಕೆ ಹೋಗಿದ್ದರು. ಈ ಸಲ ಯಾರೂ ಹುಡುಕಲಿಲ್ಲ.

ಒಂಬತ್ತನೇ ದಿನ

ವಾಪಸ್ ಬರುವಾಗ ಲಿಫ್ಟಿನ ಗಾಡಿ ಬಂತು. ಅಪ್ಪನ ಕುರ್ಚಿ ಮಾತ್ರ ಬಾಗಿಲಿಗೆ ಬಾರದೆ ಬೆಂಗಳೂರಿನಲ್ಲಿ ಸೂಟ್‌ಕೇಸುಗಳ ಜೊತೆ ಸುತ್ತುತ್ತಾ ಬಂತು. ಒಂದು ಕಡೆ ಗೀರು ಬಿದ್ದಿತ್ತು. ಹೊರಡುವಾಗ ತೆಗೆದ ಫೋಟೋ ಇತ್ತು, ಅಲ್ಲೇ ದೂರು ಬರೆಸಿದೆವು.

ಮೈಸೂರು ತಲುಪಿದಾಗ ರಾತ್ರಿ ಹನ್ನೊಂದು. ನಮ್ಮೆಜಮಾನ್ರೂ ಪಕ್ಕದ ಮನೆಯ ಹುಡುಗನೂ ಗೇಟಿನಲ್ಲಿ ಕಾಯುತ್ತಿದ್ದರು. ಮೂರು ಮೆಟ್ಟಿಲು. ಅಪ್ಪ ಕಣ್ಣು ಮುಚ್ಚಲಿಲ್ಲ. ಪಕ್ಕದ ಗೋಡೆಯ ಕಡೆ, ಕಾರು ನಿಲ್ಲಿಸುವ ಓಣಿಯ ಕಡೆ ನೋಡುತ್ತಿದ್ದರು.

ಬೆಳಿಗ್ಗೆ ಕಾಫಿ ಹೊತ್ತಿಗೆ ನೋಟ್‌ಬುಕ್ ಮೇಜಿನ ಮೇಲಿತ್ತು. ಒಟ್ಟು ಮೂರು. ಮನೆ, ವಿಮಾನ, ಮನೆ. ಮುಂದಿನ ಪುಟದಲ್ಲಿ ಸ್ಕೇಲ್ ಇಟ್ಟು ಎಳೆದ ನಕ್ಷೆ. ಮುಂಬಾಗಿಲು ಬಿಟ್ಟು ಅಡುಗೆಮನೆ ಪಕ್ಕದ ಬಾಗಿಲಿನಿಂದ ಹೊರಟು, ಓಣಿಯಲ್ಲಿ ಒಂಬತ್ತಡಿ ಇಳಿದು, ನಾಲ್ಕಡಿ ಸಮತಟ್ಟು, ಅಲ್ಲಿ ತಿರುಗಿ ಮತ್ತೆ ಒಂಬತ್ತಡಿ, ಗೇಟು.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. "ಇದೇನ್ರೀ, ಈ ತಿರುವು ಬಂದಿರೋದು ನನ್ನ ದಾಸವಾಳದ ಗಿಡದ ಮೇಲೆ."

"ಅಳತೆ ಮಾಡಿಯೇ ಹಾಕಿದ್ದು."

"ಹದಿನೆಂಟು ವರ್ಷದ ಗಿಡ ರೀ."

"ಹದಿನೆಂಟು ಅಡಿ ಬೇಕು" ಅಂದರು ಅಪ್ಪ, ಪೆನ್ಸಿಲ್ ಎತ್ತಿಕೊಳ್ಳುತ್ತಾ. ಆಮೇಲೆ ಅಮ್ಮನ ಮುಖ ನೋಡಿ, ತಿರುವನ್ನು ರಬ್ಬರಿನಿಂದ ಅಳಿಸಿ, ಎರಡಡಿ ಪಕ್ಕಕ್ಕೆ ಎಳೆಯತೊಡಗಿದರು.